ಬೆಕ್ಕು ನಾಯಿಗಳ ಮಳೆ: ಒಂದು ನುಡಿಗಟ್ಟಿನ ಮೂಲವನ್ನು ಅರಸುತ್ತ

ನಾವಾಡುವ ಮಾತಿನಲ್ಲಿ ಕೆಲವು ಪದಗಳು ಒಟ್ಟುಗೂಡಿದಾಗ ತಮ್ಮ ಮೂಲಾರ್ಥವನ್ನು ಬಿಟ್ಟುಕೊಟ್ಟು ಹೊಸದೊಂದು ಅರ್ಥವನ್ನು ತಾಳುತ್ತವೆ. ಇಂಥ ಪದಗಳ ಕೂಟಕ್ಕೆ ನುಡಿಗಟ್ಟು ಎಂದು ಹೆಸರು. 'ಕಣ್ಣಿಗೆ ಮಣ್ಣೆರಚಿದ' ಎಂದಾಗ ಅಲ್ಲಿ ಮಣ್ಣೂ ಇಲ್ಲ, ಎರಚಿದ ಕೈಯೂ ಇಲ್ಲ. ಇರುವುದು ಮೋಸ ಮಾತ್ರ. 'ಗಾಳಿಗೋಪುರ ಕಟ್ಟಿದ' ಎಂದರೆ ಕಲ್ಲು ಗಾರೆಗಳ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಮಾತೃಭಾಷೆಯ ನುಡಿಗಟ್ಟುಗಳು ಹೀಗೆ ನಮಗೆ ಸಹಜವಾಗಿ ಒಗ್ಗಿಹೋಗಿರುತ್ತವೆ. ಅವುಗಳಲ್ಲಿರುವ ವಿಚಿತ್ರ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಪರಭಾಷೆಯ ನುಡಿಗಟ್ಟನ್ನು ಕಲಿಯುವಾಗಲಾದರೋ ಮೊದಲು ಕಾಣುವುದೇ ಅದರ ವಿಚಿತ್ರ.

ಆಂಗ್ಲಭಾಷೆಯ ಪಾಠದಲ್ಲಿ ನಮ್ಮ ಮಕ್ಕಳನ್ನು ಬಹಳವಾಗಿ ನಗಿಸುವ ನುಡಿಗಟ್ಟು ಒಂದಿದೆ. ಮಳೆ ಜೋರಾಗಿ ಸುರಿಯುತ್ತಿದೆ ಎಂಬುದಕ್ಕೆ ಆಂಗ್ಲರು 'ಇಟ್ ಈಸ್ ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್' ಎನ್ನುತ್ತಾರೆ. ಪದಕ್ಕೆ ಪದವನ್ನಿಟ್ಟು ಕನ್ನಡಿಸಿದರೆ 'ಬೆಕ್ಕುಗಳೂ ನಾಯಿಗಳೂ ಮಳೆಯಾಗಿ ಸುರಿಯುತ್ತಿವೆ' ಎಂದಾಗುತ್ತದೆ! ಜೂನ್ ತಿಂಗಳಲ್ಲಿ ಕೊಡೆ ಹಿಡಿದು, ತೋಡು ದಾಟಿ, ಅರ್ಧ ನೆನೆದು ಶಾಲೆಗೆ ಬರುವ ಕಾಸರಗೋಡಿನ ಮಕ್ಕಳಿಗೆ ಮಳೆಯ ಪರಿಚಯವನ್ನು ಯಾರೂ ಮಾಡಿಕೊಡಬೇಕಾಗಿಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ೩೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಲಂಡನ್ ನಗರದಲ್ಲಿ ಬೀಳುವುದು ಸುಮಾರು ೬೦೦ ಮಿಲಿಮೀಟರ್. ಅಷ್ಟು ಮಳೆಗೇ ಆಕಾಶದಿಂದ ಬೆಕ್ಕು ನಾಯಿಗಳನ್ನು ಬೀಳಿಸಿದ ಆಂಗ್ಲರು ನಮ್ಮ ಆಟಿ ತಿಂಗಳ ಮಳೆಯನ್ನು ಕಂಡಿದ್ದರೆ ಆನೆಗಳನ್ನೇ ಸುರಿಸುತ್ತಿದ್ದರೋ ಏನೋ!

ನಗೆಯ ಮಾತು ಹಾಗಿರಲಿ. ಮಳೆಗೂ ಬೆಕ್ಕು ನಾಯಿಗಳಿಗೂ ಏನು ಸಂಬಂಧ? ಈ ನುಡಿಗಟ್ಟು ಎಲ್ಲಿಂದ ಹುಟ್ಟಿತು? ಬುದ್ಧಿವಂತ ವಿದ್ಯಾರ್ಥಿಗಳು ಕೇಳಿಯೇ ಕೇಳುವ ಪ್ರಶ್ನೆ ಇದು. ಇದಕ್ಕೆ ಉತ್ತರವೆಂದು ಹಲವು ಕಥೆಗಳು ಪ್ರಚಾರದಲ್ಲಿವೆ. ಗೈಡುಗಳಲ್ಲಿಯೂ ಪತ್ರಿಕೆಗಳ ಮೂಲೆಗಳಲ್ಲಿಯೂ ಅವನ್ನು ಕಾಣಬಹುದು. ಈಗಂತೂ ಹೆತ್ತವರ ಮೊಬೈಲು ಫೋನುಗಳಿಗೂ ಅವು ಬಂದು ಸೇರುತ್ತವೆ. ಕಥೆಗಳೆಲ್ಲ ಸೊಗಸಾಗಿಯೇ ಇವೆ. ಆದರೆ ಅವೆಲ್ಲವೂ ಒಟ್ಟಿಗೆ ನಿಜವಾಗಿರಲು ಸಾಧ್ಯವಿಲ್ಲವಷ್ಟೆ. ಆದುದರಿಂದ ಅವುಗಳನ್ನು ಒಂದೊಂದಾಗಿ ಎದುರಿಗಿಟ್ಟುಕೊಂಡು, ಮಾತಿನ ಮೂಲವನ್ನು ಪರೀಕ್ಷಿಸುವ ಬಗೆ ಹೇಗೆಂಬುದನ್ನು ನೋಡೋಣ.

ಪ್ರಚಾರದಲ್ಲಿರುವ ಕಥೆಗಳು

ಮೊದಲನೆಯದು ಹುಲ್ಲಿನ ಮಾಡಿನ ಕಥೆ. ಹಿಂದೆ, ೧೬ನೆಯ ಶತಮಾನದಲ್ಲಿ, ಇಂಗ್ಲೆಂಡಿನ ಮನೆಗಳಿಗೆ ಹುಲ್ಲಿನ ಮಾಡು ಇತ್ತಂತೆ. ಚಳಿಯಿಂದ ತಪ್ಪಿಸಿಕೊಳ್ಳಲು ಬೆಕ್ಕು, ನಾಯಿ, ಇಲಿ ಮೊದಲಾದ ಪ್ರಾಣಿಗಳು ಆ ಹುಲ್ಲಿನಲ್ಲಿ ಮಲಗುತ್ತಿದ್ದವಂತೆ. ಜೋರಾಗಿ ಮಳೆ ಬಂದಾಗ ಹುಲ್ಲು ಜಾರಿ ಅವು ದೊಪ್ಪೆಂದು ಕೆಳಕ್ಕೆ ಬೀಳುತ್ತಿದ್ದುದರಿಂದ ಈ ಮಾತು ಹುಟ್ಟಿತಂತೆ. ೧೯೯೯ರಲ್ಲಿ, ೧೬ನೆಯ ಶತಮಾನದ ಜನಜೀವನವನ್ನು ವರ್ಣಿಸುವುದಾಗಿ ಹೇಳಿಕೊಂಡ ಒಂದು ಇ-ಮೇಲ್ ಜಗತ್ತಿನಾದ್ಯಂತ ಕೈಯಿಂದ ಕೈಗೆ ದಾಟಿತು. ಈ ಕಥೆಗೆ ಇಂದಿನ ಪ್ರಸಿದ್ಧಿ ಬಂದದ್ದು ಬಹುಮಟ್ಟಿಗೆ ಅದರಿಂದ. ಅದನ್ನು ಬರೆದವರ ಹೆಸರು ಅದರಲ್ಲಿರಲಿಲ್ಲ. ಯಾವ ಗ್ರಂಥದ ಆಧಾರವನ್ನೂ ಅದು ಕೊಟ್ಟಿರಲಿಲ್ಲ.

ಎರಡನೆಯದು ದೇವತೆಗಳ ಕಥೆ. ಯುರೋಪಿನ ಉತ್ತರ ಭಾಗದ ನಾರ್ಸ್ ಜನರಿಗೆ ಓಡಿನ್ ಎಂಬುವನು ದೇವತೆಗಳ ಒಡೆಯ. ಅವನು ಬಿರುಗಾಳಿಗೂ ಅಧಿಪತಿ. ನಾಯಿಗಳು ಅವನ ಪರಿವಾರ, ಆದುದರಿಂದ ನಾಯಿಯೆಂದರೆ ಗಾಳಿಯ ಸಂಕೇತ. ಬೆಕ್ಕು ಮಾಟಗಾತಿಯರ ಸಂಗಾತಿ, ಅದು ಮಳೆಯನ್ನು ತರುವ ಪ್ರಾಣಿ. ಗಾಳಿಯೂ ಮಳೆಯೂ ಕೂಡಿ ಬಂದಾಗ ನಾಯಿ ಬೆಕ್ಕುಗಳು ಬಂದವೆಂದು ಜನ ಹೇಳಿದರು ಎಂದು ಈ ಕಥೆಯ ವಾದ. ಬ್ರೂವರ್ ಎಂಬ ಆಂಗ್ಲ ವಿದ್ವಾಂಸರ ಹೆಸರಾಂತ ನುಡಿಗಟ್ಟುಗಳ ಕೋಶದಲ್ಲಿಯೂ ಇದಕ್ಕೆ ಹತ್ತಿರವಾದ ವಿವರಣೆ ಸೇರಿಕೊಂಡದ್ದರಿಂದ ಇದಕ್ಕೆ ಪಾಂಡಿತ್ಯದ ಮೆರುಗೂ ಬಂದಿತು.

ಮೂರನೆಯದು ಗ್ರೀಕ್ ಭಾಷೆಯ ಕಥೆ. ಗ್ರೀಕಿನಲ್ಲಿ 'ಕಾಟಾ ಡೋಕ್ಸಾ' ಎಂಬ ಮಾತಿದೆಯೆಂದೂ 'ನಂಬಲಾಗದಷ್ಟು' ಎಂಬುದು ಅದರ ಅರ್ಥವೆಂದೂ, ಅದನ್ನು ತಪ್ಪಾಗಿ ಕೇಳಿಸಿಕೊಂಡ ಆಂಗ್ಲರ ಬಾಯಲ್ಲಿ ಅದು 'ಕ್ಯಾಟ್ಸ್ ಅಂಡ್ ಡಾಗ್ಸ್' ಆಯಿತೆಂದೂ ಕೆಲವರು ಹೇಳುತ್ತಾರೆ.

ನಾಲ್ಕನೆಯದು ಇದರದೇ ತಮ್ಮ. ಹಳೆಯ ಆಂಗ್ಲದಲ್ಲಿ ಜಲಪಾತಕ್ಕೆ 'ಕ್ಯಾಟಡೂಪ್' ಎಂಬ ಪದವೊಂದಿತ್ತು. ನೈಲ್ ನದಿಯ ಜಲಪಾತಗಳಿಗೆ ಗ್ರೀಕರೂ ರೋಮನರೂ ಇಟ್ಟಿದ್ದ ಹೆಸರಿನಿಂದ ಬಂದ ಪದ ಅದು. ಜಲಪಾತದಂತೆ ಮಳೆ ಸುರಿಯಿತು ಎಂಬ ಮಾತೇ ಕಾಲಕ್ರಮದಲ್ಲಿ ಬೆಕ್ಕು ನಾಯಿಗಳ ರೂಪ ತಾಳಿತೆಂದು ಈ ಪಕ್ಷದವರ ಅಭಿಪ್ರಾಯ.

ಐದನೆಯದು ಚರಂಡಿಯ ಕಥೆ. ೧೭, ೧೮ನೆಯ ಶತಮಾನಗಳಲ್ಲಿ ಲಂಡನಿನಂಥ ಊರುಗಳಲ್ಲಿ ಸರಿಯಾದ ಒಳಚರಂಡಿ ಇರಲಿಲ್ಲ. ಸತ್ತ ಪ್ರಾಣಿಗಳನ್ನು ಬೀದಿಬದಿಗೆ ಎಸೆಯುತ್ತಿದ್ದರು. ಜೋರಾಗಿ ಮಳೆ ಬಂದಾಗ ಅವೆಲ್ಲ ನೀರಿನಲ್ಲಿ ತೇಲಿಬರುತ್ತಿದ್ದವು. ಮಳೆ ನಿಂತ ಮೇಲೆ ಬೀದಿಯಲ್ಲಿ ಬಿದ್ದಿರುವ ನಾಯಿ ಬೆಕ್ಕುಗಳ ಹೆಣಗಳನ್ನು ಕಂಡವರು, ಇವು ಮಳೆಯೊಡನೆ ಆಕಾಶದಿಂದಲೇ ಬಿದ್ದವೋ ಎಂಬಂತೆ ಮಾತನಾಡಿದರು ಎಂದು ಇದರ ವಿವರಣೆ.

ಐದು ಕಥೆಗಳಾದವು. ಈಗ ಯಾವುದನ್ನು ನಂಬೋಣ? ರುಚಿಸಿದ್ದನ್ನು ಆರಿಸಿಕೊಳ್ಳಲು ಇದು ಸಂತೆಯ ವ್ಯಾಪಾರವಲ್ಲ. ನ್ಯಾಯಾಲಯದಲ್ಲಿ ಸಾಕ್ಷಿಯನ್ನು ಕೇಳುವಂತೆ ಇಲ್ಲಿಯೂ ಸಾಕ್ಷಿಯನ್ನು ಕೇಳಬೇಕು.

ಸಾಕ್ಷಿಯೆಂದರೆ ಯಾವುದು?

ಪದದ ಚರಿತ್ರೆಯಲ್ಲಿ ಸಾಕ್ಷಿಯೆಂದರೆ ಬರಹ. ಒಂದು ಮಾತು ಮೊತ್ತಮೊದಲು ಯಾವ ಪುಸ್ತಕದಲ್ಲಿ, ಯಾವ ವರ್ಷ, ಯಾವ ರೂಪದಲ್ಲಿ ಕಾಣಿಸಿಕೊಂಡಿತು ಎಂಬುದನ್ನು ಮೊದಲು ಹುಡುಕಬೇಕು. ಈ ತತ್ತ್ವವನ್ನು ಮಹತ್ತರವಾಗಿ ಕಾರ್ಯರೂಪಕ್ಕೆ ತಂದದ್ದು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು. ಅದರ ಮೊದಲ ಭಾಗ ಹೊರಬಂದದ್ದು ೧೮೮೪ರಲ್ಲಿ. ಮೊದಲ ಆವೃತ್ತಿ ಮುಗಿದದ್ದು ೧೯೨೮ರಲ್ಲಿ. ಸಂಪಾದಕರಾದ ಜೇಮ್ಸ್ ಮರ್ರಿಯವರ ಕರೆಗೆ ಓಗೊಟ್ಟು ಸಾವಿರಾರು ಮಂದಿ ಸಾಮಾನ್ಯ ಓದುಗರು ಹಳೆಯ ಪುಸ್ತಕಗಳನ್ನು ಓದಿ, ಒಂದೊಂದು ಪದಪ್ರಯೋಗವನ್ನು ಒಂದೊಂದು ಚೀಟಿಯಲ್ಲಿ ಬರೆದು, ಪುಸ್ತಕದ ಹೆಸರನ್ನೂ ವರ್ಷವನ್ನೂ ನಮೂದಿಸಿ ಕಳುಹಿಸಿದರು. ಲಕ್ಷಗಟ್ಟಲೆ ಚೀಟಿಗಳು ಬಂದು ಸೇರಿದವು. ಮರ್ರಿಯವರು ೧೯೧೫ರಲ್ಲಿ ತೀರಿಕೊಂಡರು. ಮುಗಿದ ನಿಘಂಟನ್ನು ನೋಡುವ ಯೋಗ ಅವರಿಗೆ ಇರಲಿಲ್ಲ. ಆದರೆ ಅವರು ಹಾಕಿಕೊಟ್ಟ ದಾರಿ ಉಳಿಯಿತು.

ನಮ್ಮ ಕನ್ನಡಕ್ಕೂ ಇಂಥ ಭಾಗ್ಯ ಇಲ್ಲದಿಲ್ಲ. ನೆರೆಯ ಮಂಗಳೂರಿನಲ್ಲಿ ೧೮೯೪ರಲ್ಲಿ ಅಚ್ಚಾದ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಅನೇಕ ಪದಗಳಿಗೆ ಆಕರಗ್ರಂಥಗಳ ಸೂಚನೆಯಿದೆ. ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳಲ್ಲಿ ಹೊರತಂದು ೧೯೯೫ರಲ್ಲಿ ಪೂರ್ಣಗೊಳಿಸಿದ ಕನ್ನಡ ನಿಘಂಟಿನಲ್ಲಿ ಶಾಸನಗಳಿಂದಲೂ ಕಾವ್ಯಗಳಿಂದಲೂ ಎತ್ತಿದ ಪ್ರಯೋಗಗಳನ್ನು ಕೊಡಲಾಗಿದೆ.

ಇನ್ನು ನಮ್ಮ ಬೆಕ್ಕು ನಾಯಿಗಳಿಗೆ ಬರೋಣ. ವಿದ್ವಾಂಸರು ಹಳೆಯ ಪುಸ್ತಕಗಳನ್ನು ಶೋಧಿಸಿ ಕಂಡುಕೊಂಡ ಸಾಕ್ಷಿಗಳಲ್ಲಿ ಮುಖ್ಯವಾದವು ನಾಲ್ಕು.

ವೇಲ್ಸ್ ಪ್ರಾಂತದ ಹೆನ್ರಿ ವಾನ್ ಎಂಬ ಕವಿಯ ಕವನಸಂಗ್ರಹವೊಂದು ೧೬೫೧ರಲ್ಲಿ ಪ್ರಕಟವಾಯಿತು. ತನ್ನ ಊರಿಗೆ ಬರುವಂತೆ ಗೆಳೆಯನನ್ನು ಕರೆಯುವ ಒಂದು ಕವಿತೆ ಅದರಲ್ಲಿದೆ. ತಿರುಗಾಡಿ ಮಾರುವ ವ್ಯಾಪಾರಿಗಳು ಸಂತೆಯ ದಿನ ತಮ್ಮ ಸರಕು ನೆನೆಯದಂತೆ ಕಾಪಾಡುವ ಒಂದು ಮಾಡನ್ನು ಬಯಸುವ ಪ್ರಸಂಗ ಅಲ್ಲಿ ಬರುತ್ತದೆ. ಆ ಮಾಡು ತಡೆಯಬೇಕಾದದ್ದು ನಾಯಿ ಬೆಕ್ಕುಗಳ ಮಳೆಯನ್ನು.

ಎರಡು ವರ್ಷಗಳ ಅನಂತರ, ೧೬೫೩ರಲ್ಲಿ, ರಿಚರ್ಡ್ ಬ್ರೋಮ್ ಎಂಬ ನಾಟಕಕಾರನ ಹಾಸ್ಯನಾಟಕ 'ದ ಸಿಟಿ ವಿಟ್' ಅಚ್ಚಾಯಿತು. ಬ್ರೋಮ್ ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದನಾಗಿ ನಾಟಕ ಅದಕ್ಕೂ ಹಿಂದಿನದೆಂಬುದು ಸ್ಪಷ್ಟ. ಅದರಲ್ಲಿ ಮಳೆಯಾಗಿ ಬೀಳುವುದು ನಾಯಿಗಳು ಮತ್ತು ಪೋಲ್‌ಕ್ಯಾಟುಗಳು. ಪೋಲ್‌ಕ್ಯಾಟ್ ಎಂದರೆ ಬೆಕ್ಕಲ್ಲ. ಮುಂಗುಸಿಯಂತೆ ಉದ್ದ ಮೈಯುಳ್ಳ, ಕೆರಳಿದಾಗ ದುರ್ನಾತ ಬೀರುವ ಒಂದು ಕಾಡುಪ್ರಾಣಿ.

ಮೂರನೆಯ ಸಾಕ್ಷಿ ಜೋನಥನ್ ಸ್ವಿಫ್ಟ್. 'ಗಲಿವರನ ಪ್ರವಾಸ'ಗಳ ಕರ್ತೃವಾದ ಇವನ ಹೆಸರನ್ನು ನಮ್ಮ ವಿದ್ಯಾರ್ಥಿಗಳು ಕೇಳಿಯೇ ಇದ್ದಾರೆ. ಲಂಡನಿನಲ್ಲಿ ಸುರಿದ ಒಂದು ಮಳೆಯನ್ನು ಕುರಿತು ಅವನು ೧೭೧೦ರಲ್ಲಿ ಕವಿತೆ ಬರೆದ. ಚರಂಡಿಗಳು ತುಂಬಿ, ಕಸಾಯಿಖಾನೆಯ ಹೊಲಸು, ಮುಳುಗಿ ಸತ್ತ ನಾಯಿಮರಿಗಳು, ಸತ್ತ ಬೆಕ್ಕುಗಳು, ನಾರುವ ಮೀನು, ಕೊಳೆತ ತರಕಾರಿ ಎಲ್ಲವೂ ಉರುಳಿಕೊಂಡು ಹೋಗುವ ಚಿತ್ರದೊಡನೆ ಅದು ಮುಗಿಯುತ್ತದೆ.

ನಾಲ್ಕನೆಯದೂ ಸ್ವಿಫ್ಟನದೇ. ಸಭ್ಯರೆನಿಸಿಕೊಂಡವರ ಹಳಸಲು ಮಾತುಕತೆಯನ್ನು ಅಣಕಿಸಿ ಅವನು ಬರೆದ ಪುಸ್ತಕ ೧೭೩೮ರಲ್ಲಿ ಹೊರಬಂತು. ನುಡಿಗಟ್ಟು ಇಂದಿನ ರೂಪದಲ್ಲಿ, ಅಂದರೆ ಬೆಕ್ಕು ಮುಂದೆ ನಾಯಿ ಹಿಂದೆ ಎಂಬ ಕ್ರಮದಲ್ಲಿ, ಅಲ್ಲಿ ಕಾಣಿಸುತ್ತದೆ. ಸವೆದುಹೋದ ಮಾತುಗಳನ್ನು ಹಾಸ್ಯಮಾಡುವ ಪುಸ್ತಕದಲ್ಲಿ ಅದು ಸೇರಿತೆಂದರೆ ಆ ವೇಳೆಗಾಗಲೇ ಎಲ್ಲರ ಬಾಯಲ್ಲಿ ಉರುಳಿ ಉರುಳಿ ಅದು ಹಳೆಯದಾಗಿತ್ತೆಂದು ಊಹಿಸಬಹುದು.

ಕಥೆಗಳ ಪರೀಕ್ಷೆ

ಸಾಕ್ಷಿಗಳು ಕೈಗೆ ಬಂದವು. ಈಗ ಕಥೆಗಳನ್ನು ಕರೆಯೋಣ.

ಹುಲ್ಲಿನ ಮಾಡಿನ ಕಥೆಯನ್ನು ಪರೀಕ್ಷಿಸಲು ನಾವು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ಮುಳಿಹುಲ್ಲಿನ ಮಾಡು, ತೆಂಗಿನ ಮಡಲಿನ ಮಾಡು ನಮ್ಮ ಹಿರಿಯರ ಮನೆಗಳಲ್ಲಿಯೂ ಹಟ್ಟಿಗಳಲ್ಲಿಯೂ ಇದ್ದುದೇ. ಮನೆಯ ಅಜ್ಜನನ್ನೋ ಅಜ್ಜಿಯನ್ನೋ ಕೇಳಿರಿ. ಮಾಡನ್ನು ಇಳಿಜಾರಾಗಿ, ದಟ್ಟವಾಗಿ ಹೊದಿಸುವುದೇ ನೀರು ಒಳಕ್ಕೆ ಇಳಿಯದೆ ಹರಿದುಹೋಗಲೆಂದು. ಇಂಗ್ಲೆಂಡಿನ ಹುಲ್ಲುಮಾಡುಗಳ ಇಳಿಜಾರು ಸುಮಾರು ೪೫ರಿಂದ ೫೦ ಡಿಗ್ರಿ. ಇಲಿಗಳು ಹುಲ್ಲಿನೊಳಗೆ ಗೂಡು ಕಟ್ಟಿಯಾವು. ಬೆಕ್ಕು ಅಟ್ಟ ಹತ್ತೀತು. ನಾಯಿ ಅಂಥ ಕಡಿದಾದ ಮಾಡನ್ನೇರಿ ಮಲಗುವುದನ್ನು ಕಂಡವರುಂಟೇ? ಅದೂ ಮಳೆಯಿಂದ ತಪ್ಪಿಸಿಕೊಳ್ಳಲು ಮಾಡಿನ ಹೊರಮೈಗೆ ಹತ್ತುವುದೇ? ಜಾರಿ ಬೀಳಬೇಕಾದರೆ ಪ್ರಾಣಿ ಹೊರಗೇ ಇರಬೇಕಷ್ಟೆ. ಮೇಲಾಗಿ ಹೆನ್ರಿ ವಾನನ ಕವಿತೆಯಲ್ಲಿಯೂ ಒಂದು ಮಾಡು ಇದೆಯೆಂಬುದನ್ನು ಗಮನಿಸಬೇಕು. ಅಲ್ಲಿ ನಾಯಿ ಬೆಕ್ಕುಗಳು ಮಾಡಿನಿಂದ ಕೆಳಕ್ಕೆ ಬೀಳುವುದಿಲ್ಲ. ಮಾಡಿನ ಮೇಲೆ ಬೀಳುತ್ತವೆ. ಮಾಡು ಅವನ್ನು ತಡೆಯುತ್ತದೆ. ಈ ಕಥೆ ಇಲ್ಲಿಗೆ ಬಿದ್ದುಹೋಯಿತು.

ದೇವತೆಗಳ ಕಥೆಯೂ ನಿಲ್ಲುವುದಿಲ್ಲ. ನಾರ್ಸ್ ಪುರಾಣಗಳಲ್ಲಿ ಓಡಿನನ ಬಳಿಯಿರುವುವು ಗೆರಿ, ಫ್ರೆಕಿ ಎಂಬ ಎರಡು ತೋಳಗಳು ಮತ್ತು ಎರಡು ದೊಡ್ಡ ಕಾಗೆಗಳು. ಬೆಕ್ಕುಗಳು ಬರುವುದು ಫ್ರೇಯಾ ಎಂಬ ದೇವಿಯ ರಥವನ್ನು ಎಳೆಯಲು. ಅವಳು ಪ್ರೇಮದ ದೇವಿ, ಮಳೆಯ ದೇವಿಯಲ್ಲ. ಆ ಪುರಾಣಗಳ ಮುಖ್ಯ ಗ್ರಂಥಗಳು ಐಸ್‌ಲ್ಯಾಂಡಿನಲ್ಲಿ ೧೩ನೆಯ ಶತಮಾನದಲ್ಲಿ ಬರಹಕ್ಕಿಳಿದವು. ಅಲ್ಲಿಂದ ೧೬೫೧ಕ್ಕೆ ಸುಮಾರು ನಾಲ್ಕು ನೂರು ವರ್ಷ. ಈ ನಡುವೆ ನಾಯಿ ಬೆಕ್ಕುಗಳನ್ನು ಜೊತೆಗೂಡಿಸಿ ಮಳೆಗೆ ಅನ್ವಯಿಸಿದ ಕೊಂಡಿಯನ್ನು ಯಾರೂ ತೋರಿಸಿಲ್ಲ.

ಗ್ರೀಕ್ ಕಥೆಗೆ ವ್ಯಾಕರಣವೇ ಎದುರಾಳಿ. 'ಕಾಟಾ ಡೋಕ್ಸಾ' ಎಂಬ ಬಗೆಯ ಮಾತಿಗೆ ಗ್ರೀಕಿನಲ್ಲಿ 'ಅಭಿಪ್ರಾಯಕ್ಕೆ ಅನುಗುಣವಾಗಿ' ಎಂಬುದು ವಾಡಿಕೆಯ ಅರ್ಥ. ನಂಬಿಕೆಗೆ ವಿರುದ್ಧವಾದದ್ದು ಎನ್ನಬೇಕಾದರೆ 'ಪಾರಾ' ಎಂಬುದನ್ನು ಸೇರಿಸಬೇಕು. 'ಪ್ಯಾರಡಾಕ್ಸ್' ಎಂಬ ಆಂಗ್ಲಪದ ಬಂದದ್ದು ಹಾಗೆ. ಕಥೆ ಕಟ್ಟಿದವರಿಗೆ ಅರ್ಥವೇ ತಿರುಗುಮುರುಗಾಗಿದೆ.

ಗ್ರೀಕಿನ ಕಥೆಗೂ ಜಲಪಾತದ ಕಥೆಗೂ ಸೇರಿ ಇನ್ನೊಂದು ಪೆಟ್ಟು ಇದೆ. ಇವೆರಡೂ ಧ್ವನಿಸಾಮ್ಯವನ್ನೇ ನೆಚ್ಚಿಕೊಂಡವು. ಕಿವಿಗೆ ತಪ್ಪಾಗಿ ಕೇಳಿಸಿ ಮಾತು ಹುಟ್ಟಿದ್ದರೆ 'ಕ್ಯಾಟ್' ಮೊದಲು ಬರಬೇಕು, 'ಡಾಗ್' ಆಮೇಲೆ ಬರಬೇಕು. ಆದರೆ ಮೊದಲ ಎರಡು ಸಾಕ್ಷಿಗಳನ್ನು ಮತ್ತೊಮ್ಮೆ ನೋಡಿರಿ. ೧೬೫೧ರಲ್ಲಿ ನಾಯಿ ಮೊದಲು. ೧೬೫೩ರಲ್ಲಿಯೂ ನಾಯಿ ಮೊದಲು, ಅನಂತರ ಬೆಕ್ಕೇ ಅಲ್ಲದ ಬೇರೊಂದು ಪ್ರಾಣಿ. ಬೆಕ್ಕು ಮುಂದಕ್ಕೆ ಬಂದದ್ದು ತರುವಾಯ. ಹೀಗಿರುವಾಗ ಧ್ವನಿಯ ವಾದಕ್ಕೆ ನೆಲೆಯೆಲ್ಲಿ? ಸಣ್ಣದೊಂದು ಪದಕ್ರಮ ದೊಡ್ಡದೊಂದು ವಾದವನ್ನು ಮುರಿಯಬಲ್ಲುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಉಳಿದದ್ದು ಚರಂಡಿಯ ಕಥೆ. ಇದು ಉಳಿದವುಗಳಿಗಿಂತ ಗಟ್ಟಿ, ಏಕೆಂದರೆ ಸತ್ತ ನಾಯಿ ಬೆಕ್ಕುಗಳು ಮಳೆನೀರಿನಲ್ಲಿ ತೇಲುವುದನ್ನು ಸ್ವಿಫ್ಟ್ ಕಣ್ಣಾರೆ ಕಂಡವನಂತೆ ಬಣ್ಣಿಸಿದ್ದಾನೆ. ಆದರೆ ಅವನ ಕವಿತೆ ವಾನನ ಪುಸ್ತಕಕ್ಕಿಂತ ೫೯ ವರ್ಷ ಈಚಿನದು. ಆದ್ದರಿಂದ ನುಡಿಗಟ್ಟು ಆ ಕವಿತೆಯಿಂದ ಹುಟ್ಟಿತೆನ್ನಲಾಗದು. ಮೊದಲಿನ ಇಬ್ಬರು ಲೇಖಕರೂ ಚರಂಡಿಯ ಮಾತೆತ್ತಿಲ್ಲ. ಅವರ ನಾಯಿಗಳು ಮೇಲಿನಿಂದಲೇ ಬೀಳುತ್ತವೆ. ಹೀಗಾಗಿ ಇದನ್ನು ಸಾಧ್ಯತೆಯೆಂದು ಇಟ್ಟುಕೊಳ್ಳಬಹುದೇ ಹೊರತು ತೀರ್ಪೆಂದು ಸಾರಲಾಗದು. ನಾಯಿ ಬೆಕ್ಕುಗಳ ಜಗಳ ಲೋಕಪ್ರಸಿದ್ಧ. ಅವು ಕಚ್ಚಾಡುವ ಗದ್ದಲದಂತೆ ಮಳೆಗಾಳಿಯ ಆರ್ಭಟ ಎಂಬ ಹೋಲಿಕೆಯಿಂದ ಮಾತು ಬಂದಿರಬಹುದೆಂದು ಊಹಿಸುವವರೂ ಇದ್ದಾರೆ. ಇದೂ ಊಹೆಯೇ. ಇಷ್ಟೆಲ್ಲ ಶೋಧಿಸಿದ ಮೇಲೆ ನಿಘಂಟುಕಾರರು ಕೊಡುವ ತೀರ್ಪು ಚಿಕ್ಕದು: ಮೂಲ ಅನಿಶ್ಚಿತ.

ಸಿಕ್ಕುವ ಮೂಲವೂ ಉಂಟು

'ಹಾಗಾದರೆ ಯಾವ ಮಾತಿನ ಮೂಲವೂ ತಿಳಿಯಲಾರದೇ?' ಎಂದು ನಿರಾಶರಾಗಬೇಕಾಗಿಲ್ಲ. ಹಿಂದೆ ಹೇಳಿದ ೧೯೯೯ರ ಇ-ಮೇಲಿನಲ್ಲಿಯೇ ಇನ್ನೊಂದು ಕಥೆಯಿತ್ತು. ಬೇಡದ್ದನ್ನು ಬಿಸಾಡುವ ಭರದಲ್ಲಿ ಬೇಕಾದುದನ್ನೂ ಕಳೆದುಕೊಳ್ಳಬಾರದು ಎಂಬುದಕ್ಕೆ ಆಂಗ್ಲರು 'ಮಿಂದ ನೀರಿನೊಡನೆ ಮಗುವನ್ನೂ ಚೆಲ್ಲಬೇಡ' ಎಂಬ ಅರ್ಥದ ಮಾತನ್ನು ಬಳಸುತ್ತಾರೆ. ಹಿಂದೆ ಮನೆಮಂದಿಯೆಲ್ಲ ಒಂದೇ ತೊಟ್ಟಿಯ ನೀರಿನಲ್ಲಿ ಮೀಯುತ್ತಿದ್ದರೆಂದೂ, ಕೊನೆಯ ಸರದಿ ಮಗುವಿನದಾಗಿದ್ದು, ಅಷ್ಟರಲ್ಲಿ ನೀರು ಎಷ್ಟು ಕೊಳೆಯಾಗಿರುತ್ತಿತ್ತೆಂದರೆ ಒಳಗಿರುವ ಮಗುವೇ ಕಾಣದೆ ಹೋಗುತ್ತಿತ್ತೆಂದೂ ಆ ಇ-ಮೇಲ್ ವಿವರಿಸಿತು.

ಸಾಕ್ಷಿ ಬೇರೆಯೇ ಇದೆ. ಇದು ಮೂಲತಃ ಜರ್ಮನ್ ಗಾದೆ. ಥಾಮಸ್ ಮುರ್ನರ್ ಎಂಬುವನು ಮೂರ್ಖರನ್ನು ವಿಡಂಬಿಸಿ ಬರೆದು ೧೫೧೨ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದು ಬರುತ್ತದೆ. ಹೆಂಗಸೊಬ್ಬಳು ನೀರಿನೊಡನೆ ಮಗುವನ್ನು ಚೆಲ್ಲುವ ಮರದಚ್ಚಿನ ಚಿತ್ರವೂ ಅಲ್ಲಿದೆ. ಆಂಗ್ಲಕ್ಕೆ ಇದನ್ನು ತಂದವರಲ್ಲಿ ಪ್ರಮುಖನು ೧೯ನೆಯ ಶತಮಾನದ ಥಾಮಸ್ ಕಾರ್ಲೈಲ್; ಅವನು ಜರ್ಮನ್ ಸಾಹಿತ್ಯವನ್ನು ಚೆನ್ನಾಗಿ ಬಲ್ಲವನಾಗಿದ್ದ. ಇಂಗ್ಲೆಂಡಿನ ತೊಟ್ಟಿಸ್ನಾನಕ್ಕೂ ಈ ಮಾತಿಗೂ ಸಂಬಂಧವಿಲ್ಲ. ಒಂದು ನುಡಿಗಟ್ಟಿಗೆ ದಾರಿ ಸಿಗುತ್ತದೆ, ಇನ್ನೊಂದಕ್ಕೆ ಅರ್ಧದಲ್ಲಿ ಕಳೆದುಹೋಗುತ್ತದೆ. ಎರಡನ್ನೂ ಇದ್ದಂತೆಯೇ ಹೇಳುವುದು ವಿದ್ಯೆಯ ಲಕ್ಷಣ.

ಲೋಕದ ಮಳೆಗಳು

ಪ್ರತಿಯೊಂದು ನುಡಿಗಟ್ಟಿನ ಹಿಂದೆಯೂ ನಿಜವಾಗಿ ನಡೆದ ಘಟನೆಯೊಂದು ಇರಲೇಬೇಕೆಂದು ನಾವು ಭಾವಿಸುವುದೇ ಇಂಥ ಕಥೆಗಳಿಗೆ ಮುಖ್ಯ ಕಾರಣ. ಬೇರೆ ಬೇರೆ ನಾಡುಗಳ ಮಳೆಯನ್ನು ನೋಡಿದರೆ ಈ ಭಾವನೆ ಸಡಿಲವಾಗುತ್ತದೆ. ಫ್ರೆಂಚರಿಗೆ ಹಗ್ಗಗಳ ಮಳೆ, ಜರ್ಮನರಿಗೆ ಹುರಿಗಳ ಮಳೆ, ಸ್ಪೇನಿನವರಿಗೆ ಕೊಡಗಟ್ಟಲೆ ಮಳೆ. ಡಚ್ಚರಿಗೆ ಹೊಗೆಸೊಪ್ಪಿನ ಕೊಳವೆಗಳೂ ಇಂದಿನ ಗ್ರೀಕರಿಗೆ ಕುರ್ಚಿಯ ಕಾಲುಗಳೂ ಡೇನರಿಗೆ ಚಮ್ಮಾರರ ಅಂಗಡಿಯ ಹುಡುಗರೂ ಬೀಳುತ್ತಾರೆ. ವೇಲ್ಸ್ ಭಾಷೆಯಲ್ಲಂತೂ ಬೀಳುವುದು ಮುದುಕಿಯರು ಮತ್ತು ಊರುಗೋಲುಗಳು! ವೇಲ್ಸಿನಲ್ಲಿ ಮುದುಕಿಯರು ಎಂದೋ ಮಾಡಿನಿಂದ ಜಾರಿದ್ದರೆಂದು ಯಾರೂ ಕಥೆ ಕಟ್ಟಿಲ್ಲ. ಅತಿಶಯವಾದದ್ದನ್ನು ಅತಿಶಯವಾಗಿಯೇ ಹೇಳಬೇಕೆಂಬುದು ಮನುಷ್ಯನ ಸಹಜ ಚಾಪಲ್ಯ. ಬೆಕ್ಕು ನಾಯಿಗಳೂ ಹಾಗೆ ಬಂದವಾಗಿರಬಹುದು.

ನಮ್ಮ ಕನ್ನಡವನ್ನೇ ನೋಡಿರಿ. 'ಮುಸಲಧಾರೆ' ಎಂದರೆ ಒನಕೆಯಷ್ಟು ದಪ್ಪದ ಧಾರೆ. 'ಕುಂಭದ್ರೋಣ ಮಳೆ' ಎಂಬಲ್ಲಿ ಕುಂಭವೆಂದರೆ ಕೊಡ, ದ್ರೋಣವೆಂದರೆ ಒಂದು ಅಳತೆ. 'ಆಕಾಶವೇ ತೂತಾದಂತೆ' ಎನ್ನುತ್ತೇವೆ. ನೆರೆಯ ಮಲಯಾಳದವರು 'ತುಳ್ಳಿಕ್ಕೊರು ಕುಡಂ' ಎನ್ನುತ್ತಾರೆ. ಒಂದೊಂದು ಹನಿಗೆ ಒಂದೊಂದು ಕೊಡ ನೀರು ಎಂದರ್ಥ. ನಮ್ಮ ಕೊಡವೂ ಅವರ ಕೊಡವೂ ಸ್ಪೇನಿನವರ ಕೊಡವೂ ಒಂದೇ ಬಾವಿಯ ಕಟ್ಟೆಯಲ್ಲಿ ಕೂತಂತಿವೆ! ಆಂಗ್ಲದಿಂದ ಕನ್ನಡಕ್ಕೆ ಭಾಷಾಂತರ ಮಾಡುವಾಗ ಬೆಕ್ಕು ನಾಯಿಗಳನ್ನು ಹೊತ್ತು ತರುವ ಬದಲು 'ಧಾರಾಕಾರವಾಗಿ ಮಳೆ ಸುರಿಯಿತು' ಎಂದು ಬರೆಯಬೇಕೆಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು. ನುಡಿಗಟ್ಟಿಗೆ ನುಡಿಗಟ್ಟನ್ನೇ ಕೊಡಬೇಕು, ಪದಕ್ಕೆ ಪದವನ್ನಲ್ಲ.

ನಮಗೇಕೆ ಈ ವಿಚಾರ?

ಇಂಗ್ಲೆಂಡಿನ ಮಳೆಯ ಮಾತು ಎಲ್ಲಿಂದ ಹುಟ್ಟಿದರೆ ನಮಗೇನು ಎಂದು ಕೆಲವರು ಕೇಳಬಹುದು. ಉತ್ತರ ಇಷ್ಟೇ: ಸಾಕ್ಷಿಯಿಲ್ಲದ ಸೊಗಸಾದ ಕಥೆ ಬೆಕ್ಕು ನಾಯಿಗಳ ವಿಷಯದಲ್ಲಿ ನಿರಪಾಯಕಾರಿ; ಊರಿನ, ಭಾಷೆಯ, ಜನರ ವಿಷಯದಲ್ಲಿ ಹಾಗಲ್ಲ. ನಾವು ಗಡಿನಾಡಿನವರು. ಕನ್ನಡ, ಮಲಯಾಳ, ತುಳು, ಮರಾಠಿ, ಕೊಂಕಣಿಗಳು ಒಂದೇ ಪೇಟೆಯಲ್ಲಿ ಕೇಳಿಸುವ ನೆಲದಲ್ಲಿ ಬಾಳುವವರು. ಇಲ್ಲಿ ಪದದ ಮೂಲವೆಂದರೆ ಬರಿಯ ಪದದ ಮೂಲವಾಗಿ ಉಳಿಯುವುದಿಲ್ಲ. ನಮ್ಮ ಕಾಸರಗೋಡಿನ ಹೆಸರನ್ನೇ ತೆಗೆದುಕೊಳ್ಳಿರಿ. ಸರೋವರವೆಂಬ ಅರ್ಥದ 'ಕಾಸಾರ'ದಿಂದ ಆ ಹೆಸರು ಬಂತೆಂದು ಕೆಲವರು ಹೇಳುತ್ತಾರೆ. ಕಾಸರಕ ಮರಗಳು ಹೆಚ್ಚಾಗಿದ್ದುದರಿಂದ ಬಂತೆಂದು ಇನ್ನು ಕೆಲವರು. ಕಾಸರಕವನ್ನೇ ಮಲಯಾಳದಲ್ಲಿ 'ಕಾಂಜಿರಂ' ಎನ್ನುವುದರಿಂದ ಅಲ್ಲಿಂದಲೂ ಒಂದು ದಾರಿ ತೋರಿಸುವವರಿದ್ದಾರೆ. ಇಂಥ ಚರ್ಚೆಯಲ್ಲಿ ದನಿ ಏರಿಸುವ ಮೊದಲು ನಾವು ಕೇಳಬೇಕಾದ ಪ್ರಶ್ನೆಗಳು ಬೆಕ್ಕು ನಾಯಿಗಳ ವಿಷಯದಲ್ಲಿ ಕೇಳಿದ ಪ್ರಶ್ನೆಗಳೇ.

ಒಂದು, ಈ ಮಾತು ಮೊತ್ತಮೊದಲು ಬರಹದಲ್ಲಿ, ಶಾಸನದಲ್ಲಿ, ದಾಖಲೆಯಲ್ಲಿ ಕಂಡುಬಂದದ್ದು ಯಾವಾಗ, ಯಾವ ರೂಪದಲ್ಲಿ?

ಎರಡು, ಕಥೆ ಹೇಳುವ ಕಾಲಕ್ಕೂ ಆ ಬರಹದ ಕಾಲಕ್ಕೂ ನಡುವೆ ಕೊಂಡಿಯಿದೆಯೇ?

ಮೂರು, ಕಥೆ ನಮ್ಮ ಲೋಕಾನುಭವಕ್ಕೆ ಒಪ್ಪುತ್ತದೆಯೇ? ನಾಯಿ ಮಾಡು ಹತ್ತುತ್ತದೆಯೇ?

ನಾಲ್ಕು, ಈ ಕಥೆಯನ್ನು ಹೇಳತೊಡಗಿದವರು ಯಾರು, ಎಂದಿನಿಂದ, ಯಾವ ಆಧಾರದಿಂದ?

ಈ ನಾಲ್ಕು ಪ್ರಶ್ನೆಗಳನ್ನು ತನ್ನ ಪಕ್ಷದ ಕಥೆಗೂ ಕೇಳಬಲ್ಲವನೇ ನಿಜವಾದ ವಿದ್ಯಾವಂತ. ಎದುರಿನವರ ಕಥೆಗೆ ಮಾತ್ರ ಸಾಕ್ಷಿ ಕೇಳಿ, ತನಗೆ ಪ್ರಿಯವಾದದ್ದನ್ನು ಸಾಕ್ಷಿಯಿಲ್ಲದೆ ನಂಬುವುದು ವಿವೇಕವಲ್ಲ. ಕಥೆಯನ್ನು ಕಥೆಯಾಗಿ ಹೇಳಿ ಸಂತೋಷಪಡೋಣ. ಚರಿತ್ರೆಯನ್ನು ಚರಿತ್ರೆಯಾಗಿ ತಿಳಿಯೋಣ.

ಇಲ್ಲಿ ನಮಗೊಂದು ಕರ್ತವ್ಯವೂ ಉಂಟು. ಬೆಕ್ಕು ನಾಯಿಗಳ ಜಾಡು ೧೬೫೧ರ ಹಿಂದಕ್ಕೆ ಮಸುಕಾಗುವುದಕ್ಕೆ ಕಾರಣ, ಅದಕ್ಕಿಂತ ಮೊದಲು ಆ ಮಾತನ್ನು ಆಡಿದವರು ಬರೆದಿಡದೆ ಹೋದದ್ದು. ನಮ್ಮ ಗಡಿನಾಡಿನ ಮನೆಗಳಲ್ಲಿ ಅಜ್ಜ ಅಜ್ಜಿಯರು ಆಡುವ ಎಷ್ಟೋ ಮಾತುಗಳು ಯಾವ ಪುಸ್ತಕಕ್ಕೂ ಏರಿಲ್ಲ. ಮಳೆಗೆ, ಬೆಳೆಗೆ, ಅಡಿಗೆಗೆ, ಸಿಟ್ಟಿಗೆ, ಅಕ್ಕರೆಗೆ ಅವರಲ್ಲಿರುವ ನುಡಿಗಟ್ಟುಗಳು ಅವರೊಡನೆಯೇ ಹೋಗಿಬಿಟ್ಟರೆ ಮುಂದೆ ಹುಡುಕುವವರಿಗೆ ಸಿಗುವುದು ಕಟ್ಟುಕಥೆ ಮಾತ್ರ.

ಆದುದರಿಂದ ವಿದ್ಯಾರ್ಥಿ ಮಿತ್ರರೇ, ಮರ್ರಿಯವರ ಓದುಗರು ಮಾಡಿದ ಕೆಲಸವನ್ನು ನೀವೂ ಸಣ್ಣ ಪ್ರಮಾಣದಲ್ಲಿ ಮಾಡಬಹುದು. ಬರುವ ಮಳೆಗಾಲದ ರಜೆಯ ದಿನಗಳಲ್ಲಿ ಮನೆಯ ಹಿರಿಯರ ಬಳಿ ಕುಳಿತು, ಅವರ ಬಾಯಿಂದ ಬಂದ ಒಂದೊಂದು ನುಡಿಗಟ್ಟನ್ನೂ ಒಂದೊಂದು ಚೀಟಿಯಲ್ಲಿ ಬರೆಯಿರಿ. ಹೇಳಿದವರು ಯಾರು, ಯಾವ ಊರಿನವರು, ಯಾವ ಸಂದರ್ಭದಲ್ಲಿ ಹೇಳಿದರು, ತಾರೀಕು ಯಾವುದು ಎಂಬುದನ್ನು ಮರೆಯದೆ ನಮೂದಿಸಿರಿ. ಹೆತ್ತವರೂ ಇದಕ್ಕೆ ಕೈಜೋಡಿಸಬೇಕೆಂದು ನಮ್ಮ ವಿನಂತಿ. ಚೀಟಿಗಳನ್ನು ತಂದುಕೊಟ್ಟರೆ ಶಾಲೆಯ ಗ್ರಂಥಭಂಡಾರದಲ್ಲಿ ಅಕಾರಾದಿಯಾಗಿ ಜೋಡಿಸಿ ಇಡೋಣ. ನೂರು ವರ್ಷಗಳ ಅನಂತರ ಯಾರಾದರೂ ನಮ್ಮ ಮಾತೊಂದರ ಮೂಲವನ್ನು ಅರಸುತ್ತ ಬಂದರೆ ಅವರ ಕೈಗೆ ಊಹೆಗಿಂತ ಗಟ್ಟಿಯಾದ ಒಂದು ಚೀಟಿಯಾದರೂ ಸಿಗಲಿ.